ಹ್ಯಾಂಡ್ ಬ್ರೇಕ್ ಬಿಡದ ಲಾರಿಗೆ ಒಂದು ಪರೀಕ್ಷಾ ಪೆಟ್ಟಿಗೆ: ಬಳಸಿ ನೋಡಿದವರ ವಿಮರ್ಶೆ

ಏರ್ ಬ್ರೇಕ್ ಇರುವ ಲಾರಿಯ ಪಾರ್ಕಿಂಗ್ ಬ್ರೇಕ್ ಸಿಕ್ಕಿಕೊಂಡು ಗಾಡಿ ನಿಂತಲ್ಲೇ ನಿಂತಾಗ, ದೋಷ ಎಲ್ಲಿದೆಯೆಂದು ಪತ್ತೆಹಚ್ಚಲು ಮತ್ತು ಗಾಡಿಯನ್ನು ಅಲ್ಲಿಂದ ಬಿಡಿಸಿಕೊಳ್ಳಲು ಬೇಕಾಗುವ ಸಾಮಾನುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಹಲವು ಹೆಸರುಗಳಲ್ಲಿ ಮಾರುತ್ತಾರೆ. ನಾನು ಬಳಸುತ್ತಿರುವ ಪೆಟ್ಟಿಗೆಯಲ್ಲಿ 0ಯಿಂದ 10 ಬಾರ್‌ವರೆಗೆ ತೋರಿಸುವ ಗಾಳಿಯ ಗೇಜು, ಅದನ್ನು ಪೈಪಿನ ನಡುವೆ ಸೇರಿಸಲು ಟಿ ಆಕಾರದ ಜೋಡಣೆಗಳು, ಸ್ಪ್ರಿಂಗ್ ಬ್ರೇಕ್ ಚೇಂಬರನ್ನು (ಚಕ್ರದ ಬಳಿ ಬ್ರೇಕನ್ನು ಹಿಡಿಸುವ, ಬಿಡಿಸುವ ಡಬ್ಬಿ) ಗಾಳಿಯಿಲ್ಲದೆ ಕೈಯಿಂದ ಬಿಡಿಸುವ ಎರಡು ಬೋಲ್ಟುಗಳು, ಸೋರಿಕೆ ನೋಡಲು ಸಾಬೂನು ನೀರಿನ ಸ್ಪ್ರೇ ಬಾಟಲಿ, ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರು, ಹೋಸನ್ನು ಹಿಚುಕಿ ಗಾಳಿ ತಡೆಯುವ ಇಕ್ಕಳ, ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ, ಬಿಳಿಯ ಥ್ರೆಡ್ ಟೇಪು ಮತ್ತು ಒಂದು ತೆಳ್ಳನೆಯ ಕೈಪಿಡಿ ಇವೆ. ಗೇಜು ಮತ್ತು ಬೋಲ್ಟುಗಳ ಸಲುವಾಗಿಯೇ ಈ ಪೆಟ್ಟಿಗೆಯನ್ನು ಕೊಳ್ಳಬಹುದು, ಥರ್ಮಾಮೀಟರು ಮತ್ತು ಸ್ಪ್ರೇ ಬಾಟಲಿಯನ್ನು ಸಂತೋಷದಿಂದ ಇಟ್ಟುಕೊಳ್ಳಬಹುದು, ಇಕ್ಕಳವನ್ನು ತೆಗೆದು ಬೇರೆಲ್ಲಾದರೂ ಹಾಕಬೇಕು, ಕೈಪಿಡಿಯನ್ನು ಮಾತ್ರ ಬರೆದವರೇ ಇನ್ನೊಮ್ಮೆ ಕೂತು ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕಾರಣ ತಿಳಿಯಬೇಕಾದರೆ ಬ್ರೇಕು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಪೆಡಲ್ ಒತ್ತಿದಾಗ ಬ್ರೇಕನ್ನು ಹಿಡಿಸುವುದು ಗಾಳಿ. ಪಾರ್ಕಿಂಗ್ ಬ್ರೇಕಿನಲ್ಲಿ ಇದು ತಿರುಗುಮುರುಗಾಗಿದ್ದು, ಹಿಡಿಸುವುದು ಚೇಂಬರಿನ ಹಿಂಭಾಗದಲ್ಲಿ ಅದುಮಿಟ್ಟಿರುವ ದಪ್ಪ ಸ್ಪ್ರಿಂಗು, ಬಿಡಿಸುವುದು ಗಾಳಿ. ಚಾಲಕ ತನ್ನ ಮುಂದಿನ ಲಿವರನ್ನೋ ಗುಂಡಿಯನ್ನೋ ಬಿಡಿಸುವ ಸ್ಥಾನಕ್ಕೆ ತಂದಾಗ ಟ್ಯಾಂಕಿನ ಗಾಳಿ ಆ ಸ್ಪ್ರಿಂಗಿನ ಎದುರಿಗೆ ಬಂದು ಅದನ್ನು ಹಿಂದಕ್ಕೆ ತಳ್ಳುತ್ತದೆ, ಹಾಗೆ ಪೂರ್ತಿ ತಳ್ಳುವುದಕ್ಕೆ ಸಾಮಾನ್ಯವಾಗಿ 60ರಿಂದ 75 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ), ಅಂದರೆ 4ರಿಂದ 5 ಬಾರ್‌ನಷ್ಟು ಒತ್ತಡ ಚೇಂಬರಿನ ಒಳಗೇ ಇರಬೇಕಾಗುತ್ತದೆ. ಆದ್ದರಿಂದ ‘ಬ್ರೇಕ್ ಹಿಡಿದುಕೊಂಡಿದೆ’ ಎಂದು ಚಾಲಕ ದೂರು ಹೇಳಿದಾಗ ಅದಕ್ಕೆ ಎರಡು ಪೂರ್ತಿ ಬೇರೆ ಬೇರೆ ಕಾರಣಗಳು ಇರಬಹುದು: ಬಿಡಿಸಬೇಕಾದ ಗಾಳಿ ಚೇಂಬರಿಗೆ ಬಂದೇ ಇಲ್ಲ, ಇಲ್ಲವೇ ಗಾಳಿ ಬಂದು ಸ್ಪ್ರಿಂಗು ಹಿಂದೆ ಸರಿದಿದ್ದರೂ ಅದರಾಚೆಯ ಕಬ್ಬಿಣ ಬಿಡುತ್ತಿಲ್ಲ. ಮೊದಲನೆಯದರಲ್ಲಿ ಚಕ್ರ ಬಿಚ್ಚುವುದು ವ್ಯರ್ಥ ಶ್ರಮ. ಎರಡನೆಯದರಲ್ಲಿ ವಾಲ್ವುಗಳನ್ನು ಬದಲಿಸುವುದು ವ್ಯರ್ಥ ಖರ್ಚು. ದುರಸ್ತಿಗೆ ಬಂದವರು ಈ ಪ್ರಶ್ನೆಯನ್ನು ಕೇಳದೆಯೇ ಸುತ್ತಿಗೆ ಎತ್ತಿಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ, ಡ್ರಮ್ಮಿನ ಅಂಚಿನಲ್ಲಿ ಹಳೆಯ ಪೆಟ್ಟಿನ ಗುರುತುಗಳಿಲ್ಲದ ಹಳೇ ಲಾರಿ ಸಿಗುವುದೇ ಅಪರೂಪ.

ಪೆಟ್ಟಿಗೆಯ ಗೇಜಿಗೆ ಬೆಲೆ ಬರುವುದು ಇಲ್ಲಿಯೇ. ಡ್ಯಾಶ್‌ಬೋರ್ಡಿನಲ್ಲಿ ಗೇಜು ಇದ್ದೇ ಇದೆಯಲ್ಲ, ಇನ್ನೊಂದು ಏಕೆ ಎಂದು ಕೇಳುವವರಿದ್ದಾರೆ. ಡ್ಯಾಶ್‌ಬೋರ್ಡಿನ ಗೇಜು ತೋರಿಸುವುದು ಟ್ಯಾಂಕಿನ ಒತ್ತಡವನ್ನೇ ಹೊರತು ಚೇಂಬರಿಗೆ ಎಷ್ಟು ತಲುಪಿದೆ ಎಂಬುದನ್ನಲ್ಲ. ಟ್ಯಾಂಕಿನಲ್ಲಿ 100ರಿಂದ 125 ಪಿಎಸ್‌ಐ ತುಂಬಿ ಮುಳ್ಳು ನೆಟ್ಟಗೆ ನಿಂತಿದ್ದರೂ, ಟ್ಯಾಂಕಿಗೂ ಚೇಂಬರಿಗೂ ನಡುವೆ ಸರ್ಕ್ಯೂಟುಗಳನ್ನು ಬೇರ್ಪಡಿಸುವ ಪ್ರೊಟೆಕ್ಷನ್ ವಾಲ್ವು, ಕ್ಯಾಬಿನ್ನಿನ ಹ್ಯಾಂಡ್ ವಾಲ್ವು, ಆಕ್ಸಲ್ ಹತ್ತಿರ ಗಾಳಿಯನ್ನು ಚೇಂಬರುಗಳಿಗೆ ಹಂಚುವ ರಿಲೇ ವಾಲ್ವು ಅಥವಾ ಕ್ವಿಕ್ ರಿಲೀಸ್ ವಾಲ್ವು, ಮತ್ತು ಇವನ್ನೆಲ್ಲ ಜೋಡಿಸುವ ಮೀಟರುಗಟ್ಟಲೆ ಪೈಪು ಇರುತ್ತವೆ. ಇವುಗಳಲ್ಲಿ ಯಾವುದೇ ಒಂದು ಕಟ್ಟಿಕೊಂಡರೂ ಹಿಂದಿನ ಚಕ್ರ ಬಿಡುವುದಿಲ್ಲ, ಮುಂದಿನ ಗೇಜು ಮಾತ್ರ ಎಲ್ಲ ಸರಿಯಿದೆ ಎಂದೇ ಹೇಳುತ್ತಿರುತ್ತದೆ. ಟಿ ಜೋಡಣೆಯನ್ನು ಚೇಂಬರಿನ ಪಾರ್ಕಿಂಗ್ ಪೋರ್ಟಿನಲ್ಲಿ ಸೇರಿಸಿ, ಲಿವರನ್ನು ಬಿಡಿಸುವ ಸ್ಥಾನಕ್ಕೆ ತಂದು ಮುಳ್ಳನ್ನು ನೋಡಿದರೆ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ಯುರೋಪಿನ ಮಾದರಿಯ ಚೇಂಬರುಗಳಲ್ಲಿ ಪೋರ್ಟುಗಳ ಪಕ್ಕದಲ್ಲಿ 11 ಮತ್ತು 12 ಎಂದು ಅಚ್ಚೊತ್ತಿರುತ್ತದೆ. 11 ಪೆಡಲ್ ಬ್ರೇಕಿನದು, 12 ಪಾರ್ಕಿಂಗಿನದು. ಗುರುತು ಇಲ್ಲದಿದ್ದರೆ ಸ್ಪ್ರಿಂಗು ಕೂತಿರುವ ಹಿಂದಿನ ಅರ್ಧಕ್ಕೆ ಗಾಳಿ ಕೊಡುವ ಪೋರ್ಟೇ ಪಾರ್ಕಿಂಗಿನದು.

ಮುಳ್ಳನ್ನು ಓದುವುದರಲ್ಲಿ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಅದು ನಿಂತ ಜಾಗದಷ್ಟೇ ಅಲ್ಲಿಗೆ ಬಂದ ಬಗೆಯೂ ಮುಖ್ಯ. ಎಲ್ಲ ಚಕ್ರಗಳ ಚೇಂಬರುಗಳಲ್ಲೂ ಸೊನ್ನೆಯೇ ಇದ್ದರೆ ದೋಷ ಮುಂದೆ, ಹ್ಯಾಂಡ್ ವಾಲ್ವಿನಲ್ಲಿ ಅಥವಾ ಅದಕ್ಕೆ ಗಾಳಿ ಕೊಡುವ ಕಡೆ ಇದೆ. ಒಂದು ಆಕ್ಸಲ್ಲಿನ ಎರಡೂ ಬದಿ ಸೊನ್ನೆಯಾಗಿದ್ದು ಇನ್ನೊಂದು ಆಕ್ಸಲ್ ಸರಿಯಿದ್ದರೆ ಆ ಆಕ್ಸಲ್ಲಿಗೆ ಹಂಚುವ ವಾಲ್ವನ್ನೋ ಅದರ ಪೈಪನ್ನೋ ನೋಡಬೇಕು. ಒಂದೇ ಬದಿಯಲ್ಲಿ ಇಲ್ಲದಿದ್ದರೆ ಬಹುಪಾಲು ಹೋಸಿನದೇ ತಪ್ಪು; ಹೊರಗೆ ಹೊಸದರಂತೆ ಕಾಣುವ ರಬ್ಬರ್ ಹೋಸಿನ ಒಳಪದರ ಕಿತ್ತುಕೊಂಡು ಒಂದೇ ಕಡೆಗೆ ತೆರೆಯುವ ಬಾಗಿಲಿನಂತೆ ನಡೆದುಕೊಳ್ಳುವುದುಂಟು, ಮತ್ತು ಅದನ್ನು ಕಣ್ಣಿನಿಂದ ಪತ್ತೆ ಮಾಡುವುದು ಆಗದ ಮಾತು. ಮುಳ್ಳು 30 ಅಥವಾ 40 ಪಿಎಸ್‌ಐಗೆ ಏರಿ ಅಲ್ಲೇ ತೂಗಾಡುತ್ತಿದ್ದರೆ ಬರುವ ಗಾಳಿಯಷ್ಟೇ ಗಾಳಿ ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಎಂದರ್ಥ. ತೀರ ನಿಧಾನವಾಗಿ ಏರಿ ಕೊನೆಗೆ ಪೂರ್ತಿ ಒತ್ತಡಕ್ಕೆ ಬಂದರೆ ದಾರಿಯಲ್ಲಿ ಕೊಳೆಯೋ ನೀರೋ, ಹಿಮ ಬೀಳುವ ಚಳಿಯಲ್ಲಿ ಮಂಜುಗಡ್ಡೆಯೋ ಸೇರಿಕೊಂಡಿದೆ. ಆಗ ಗಾಳಿಯ ತೇವ ಹೀರುವ ಏರ್ ಡ್ರೈಯರಿನ ಕಾರ್ಟ್ರಿಜ್ ಬದಲಿಸದೆ, ಟ್ಯಾಂಕುಗಳ ನೀರು ಬಸಿಯದೆ ವಾಲ್ವನ್ನು ಮಾತ್ರ ಹೊಸದು ಹಾಕಿದರೆ ಅದೂ ಕೆಲವೇ ಸಮಯದಲ್ಲಿ ಹಾಗೆಯೇ ಆಗುತ್ತದೆ. ಮುಳ್ಳು ಚುರುಕಾಗಿ ಏರಿ 100ರ ಹತ್ತಿರ ನಿಂತು, ಆದರೂ ಚಕ್ರ ತಿರುಗದಿದ್ದರೆ ಮಾತ್ರ ಸುತ್ತಿಗೆ, ಜಾಕಿ, ಸ್ಪ್ಯಾನರುಗಳ ಕಡೆ ಕೈ ಹೋಗಬೇಕು.

ಇಲ್ಲಿ ಕೈಪಿಡಿ ಹೇಳದೆ ಬಿಟ್ಟಿರುವ ಒಂದು ಸಂಗತಿಯಿದೆ. ನಾಲ್ಕು ಸರ್ಕ್ಯೂಟಿನ ಪ್ರೊಟೆಕ್ಷನ್ ವಾಲ್ವು ಇರುವ ಲಾರಿಗಳಲ್ಲಿ 21 ಮತ್ತು 22 ಎಂಬ ಗುರುತಿನ ಸರ್ಕ್ಯೂಟುಗಳು ಪೆಡಲ್ ಬ್ರೇಕಿನವು, 23 ಎಂಬುದು ಪಾರ್ಕಿಂಗ್ ಮತ್ತು ಟ್ರೇಲರಿನದು. ಹಲವು ಗಾಡಿಗಳಲ್ಲಿ ಮೊದಲಿನ ಎರಡರಲ್ಲಿ ಸಾಕಷ್ಟು ಒತ್ತಡ ಬಂದ ಮೇಲೆಯೇ ಮೂರನೆಯದಕ್ಕೆ ಗಾಳಿ ದಾಟುವಂತೆ ಏರ್ಪಾಡಿರುತ್ತದೆ, ಏಕೆಂದರೆ ನಿಲ್ಲಿಸಲು ಸಾಧ್ಯವಿಲ್ಲದ ಗಾಡಿ ಹೊರಡಲೇಬಾರದು. ಹೀಗಾಗಿ ಪೆಡಲ್ ಸರ್ಕ್ಯೂಟಿನಲ್ಲಿ ಎಲ್ಲೋ ಇರುವ ಸೋರಿಕೆ ಪಾರ್ಕಿಂಗ್ ಬ್ರೇಕ್ ಬಿಡದಿರುವ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಅಮೆರಿಕದ ಮಾದರಿಯ ಹಳದಿ ಗುಂಡಿಯ ವಿಷಯವೂ ಸುಮಾರಾಗಿ ಹೀಗೆಯೇ: ಒತ್ತಡ 20ರಿಂದ 45 ಪಿಎಸ್‌ಐ ನಡುವೆ ಇಳಿದಾಗ ಅದು ತಾನಾಗಿಯೇ ಹೊರಬರುವಂತೆ ಮಾಡಿರುತ್ತಾರೆ, ಆದ್ದರಿಂದ ಒತ್ತಿದ ಗುಂಡಿ ಒಳಗೆ ನಿಲ್ಲದಿದ್ದರೆ ಗುಂಡಿಯನ್ನು ಅನುಮಾನಿಸುವ ಮೊದಲು ಟ್ಯಾಂಕನ್ನು ಅನುಮಾನಿಸಬೇಕು. ಗುಂಡಿಯನ್ನು ಕೈಯಿಂದ ಬಲವಂತವಾಗಿ ಒತ್ತಿಹಿಡಿದು ಗಾಡಿ ಎಬ್ಬಿಸುವುದು ಅಪಾಯದ ಕೆಲಸ.

ಗೇಜಿನ ತಯಾರಿಕೆಯ ಬಗ್ಗೆ ಹೇಳುವುದಾದರೆ, ಮುಖ ದೊಡ್ಡದಾಗಿದೆ, ಬಾರ್ ಮತ್ತು ಪಿಎಸ್‌ಐ ಎರಡೂ ಅಂಕಿಗಳು ಗಾಡಿಯ ಅಡಿಯ ಕತ್ತಲಲ್ಲಿ ಟಾರ್ಚ್ ಹಿಡಿದರೆ ಸ್ಪಷ್ಟವಾಗಿ ಕಾಣುತ್ತವೆ, ಸುತ್ತ ಇರುವ ರಬ್ಬರ್ ಹೊದಿಕೆ ಕೆಳಗೆ ಬಿದ್ದಾಗ ಕಾಪಾಡುತ್ತದೆ. ದೂರಬೇಕಾದದ್ದು ಜೋಡಣೆಗಳನ್ನು. ಅಮೆರಿಕದ ಚೇಂಬರುಗಳ ಪೋರ್ಟು ಸಾಮಾನ್ಯವಾಗಿ 3/8 ಇಂಚಿನ ಎನ್‌ಪಿಟಿ ಥ್ರೆಡ್ಡಿನದು (ತುದಿಗೆ ಕಿರಿದಾಗುವ ಅಮೆರಿಕದ ಪೈಪ್ ಥ್ರೆಡ್ಡು), ಯುರೋಪಿನ ಮಾದರಿಯವು ಹೆಚ್ಚಾಗಿ ಎಂ16 ಗುಣಿಸು 1.5 ಎಂಬ ಮೆಟ್ರಿಕ್ ಅಳತೆಯವು. ಪೆಟ್ಟಿಗೆಯಲ್ಲಿ ಎನ್‌ಪಿಟಿಯ ಟಿ ಎರಡಿವೆ, ಮೆಟ್ರಿಕ್ ಟಿ ಒಂದೇ ಇದೆ. ಎಡ ಮತ್ತು ಬಲ ಚೇಂಬರುಗಳನ್ನು ಹೋಲಿಸಿ ನೋಡುವುದೇ ಈ ಪರೀಕ್ಷೆಯ ಸಾರವಾಗಿರುವಾಗ, ಪ್ರತಿ ಸಲವೂ ಒಂದೇ ಟಿಯನ್ನು ಒಂದು ಬದಿಯಿಂದ ಬಿಚ್ಚಿ ಇನ್ನೊಂದು ಬದಿಗೆ ಹಾಕುವುದು ಬೇಸರದ ಕೆಲಸ. ಗಾಡಿಯಲ್ಲೇ ಪರೀಕ್ಷಾ ಪೋರ್ಟುಗಳಿದ್ದರೆ ಟಿಯ ಗೊಡವೆಯೇ ಬೇಡ, ಗೇಜಿನ ಹೋಸನ್ನು ನೇರವಾಗಿ ಅದಕ್ಕೆ ತಿರುಗಿಸಿದರಾಯಿತು. ಅದಕ್ಕೆ ಬೇಕಾದ ತುದಿಯನ್ನು ಪೆಟ್ಟಿಗೆಯವರು ಕೊಟ್ಟಿರುವುದು ಮೆಚ್ಚತಕ್ಕದ್ದು. ಬಿಳಿ ಟೇಪನ್ನು ಮಾತ್ರ ಈ ಕೆಲಸಕ್ಕೆ ಬಳಸಬಾರದು. ಅದರ ಚೂರುಗಳು ಹರಿದು ವಾಲ್ವಿನ ಒಳಗೆ ಸೇರಿದರೆ, ಇವತ್ತು ಹುಡುಕುತ್ತಿರುವ ದೋಷವನ್ನೇ ನಾಳೆಗೆ ನಾವೇ ತಯಾರಿಸಿಟ್ಟಂತಾಗುತ್ತದೆ. ದ್ರವರೂಪದ ಥ್ರೆಡ್ ಸೀಲೆಂಟು ಸಾಕು, ಅದೂ ಮೊದಲ ಎರಡು ಥ್ರೆಡ್ಡುಗಳನ್ನು ಬಿಟ್ಟು.

ಸಾಬೂನು ನೀರಿನ ಬಾಟಲಿ ಸಾಧಾರಣ ವಸ್ತು, ಆದರೆ ಗೇಜಿನ ಜೊತೆಗೂಡಿದಾಗ ಅದರ ಉಪಯೋಗ ಹೆಚ್ಚುತ್ತದೆ. ಪಾರ್ಕಿಂಗ್ ಬ್ರೇಕ್ ಬಿಡಿಸಿದ ಸ್ಥಿತಿಯಲ್ಲಿ ಚೇಂಬರಿನ ಹಿಂಬದಿಯಿಂದ ಗುಳ್ಳೆ ಏಳುತ್ತಿದ್ದರೆ ಸ್ಪ್ರಿಂಗಿನ ಬದಿಯ ಡಯಾಫ್ರಂ (ಗಾಳಿ ತಳ್ಳುವ ರಬ್ಬರಿನ ಪರದೆ) ಹರಿದಿದೆ. ಪೆಡಲ್ ಒತ್ತಿದಾಗ ಮಾತ್ರ ಮುಂಬದಿಯ ರಂಧ್ರಗಳಿಂದ ಏಳುತ್ತಿದ್ದರೆ ಪೆಡಲ್ ಬದಿಯದು. ಇವೆರಡಕ್ಕಿಂತ ಹೆಚ್ಚು ಜನರನ್ನು ದಾರಿತಪ್ಪಿಸುವ ಮೂರನೆಯ ಸೋರಿಕೆಯೊಂದಿದೆ. ಚೇಂಬರಿನ ಎರಡು ಅರ್ಧಗಳ ನಡುವೆ ರಾಡು ಹಾದುಹೋಗುವ ಕಡೆ ಇರುವ ಸೀಲು ಸವೆದರೆ, ಪಾರ್ಕಿಂಗಿನ ಗಾಳಿ ಹೊರಗೆ ಬಾರದೆ ಪೆಡಲ್ ಬದಿಯ ಕೋಣೆಗೆ ನುಸುಳಿ, ಅಲ್ಲಿಂದ ಪೈಪಿನ ಮೂಲಕ ಹಿಂದಕ್ಕೆ ಹರಿದು, ದೂರದಲ್ಲಿರುವ ಪೆಡಲ್ ಬ್ರೇಕಿನ ರಿಲೇ ವಾಲ್ವಿನ ಎಗ್ಸಾಸ್ಟ್ ಬಾಯಿಯಿಂದ ಬುಸುಗುಟ್ಟುತ್ತದೆ. ಕೇಳಿದವರಿಗೆ ರಿಲೇ ವಾಲ್ವು ಕೆಟ್ಟಿದೆ ಎಂದೇ ಅನ್ನಿಸುತ್ತದೆ. ವಾಲ್ವು ಬದಲಿಸುತ್ತಾರೆ, ಸದ್ದು ಹಾಗೆಯೇ ಉಳಿಯುತ್ತದೆ. ಪೆಡಲ್ ಮುಟ್ಟದೆ, ಪಾರ್ಕಿಂಗ್ ಬಿಡಿಸಿದಾಗ ಸದ್ದು ಶುರುವಾಗಿ, ಪಾರ್ಕಿಂಗ್ ಹಾಕಿದಾಗ ನಿಂತರೆ ತಪ್ಪು ಚೇಂಬರಿನದು, ವಾಲ್ವಿನದಲ್ಲ. ಯಾವ ಬದಿಯ ಚೇಂಬರು ಎಂಬುದನ್ನು ಒಂದೊಂದೇ ಪೆಡಲ್ ಹೋಸನ್ನು ಬಿಡಿಸಿ, ಯಾವ ಚೇಂಬರಿನ ಬಾಯಿಯಿಂದ ಗಾಳಿ ಬರುತ್ತದೆ ಎಂದು ನೋಡಿ ಹೇಳಬಹುದು. ಇಷ್ಟನ್ನು ಕೈಪಿಡಿಯಲ್ಲಿ ಅರ್ಧ ಪುಟದಲ್ಲಿ ಬರೆದಿದ್ದರೂ ಕೊಂಡವರಿಗೆ ಪೆಟ್ಟಿಗೆಯ ಹಣ ಹುಟ್ಟುತ್ತಿತ್ತು.

ಇನ್ನು ಬೋಲ್ಟುಗಳು. ಗಾಳಿ ಬರುವ ದಾರಿ ಕಟ್ಟಿಹೋಗಿ ಗಾಡಿ ನಡುರಸ್ತೆಯಲ್ಲಿದ್ದಾಗ, ಸ್ಪ್ರಿಂಗನ್ನು ಹಿಂದಕ್ಕೆಳೆದು ಹಿಡಿದು ಚಕ್ರ ಬಿಡಿಸಲು ಪೆಟ್ಟಿಗೆಯಲ್ಲಿರುವ ಏಕೈಕ ಸಾಧನ ಇವು. ಚೇಂಬರಿನ ಹಿಂಬದಿಯ ಮುಚ್ಚಳ ತೆಗೆದು, ಬೋಲ್ಟಿನ ಅಡ್ಡತಲೆಯನ್ನು ಒಳಗಿನ ಪ್ಲೇಟಿನ ಸೀಳಿಗೆ ಇಳಿಸಿ, ಕಾಲು ಸುತ್ತು ಪ್ರದಕ್ಷಿಣವಾಗಿ ತಿರುಗಿಸಿ, ಎಳೆದು ಕೂತಿದೆಯೆಂದು ಖಾತ್ರಿ ಮಾಡಿಕೊಂಡು, ವಾಷರ್ ಮತ್ತು ನಟ್ಟು ಹಾಕಿ ಕೈ ಸ್ಪ್ಯಾನರಿನಿಂದ ಬಿಗಿಯುತ್ತ ಹೋದರೆ ಸ್ಪ್ರಿಂಗು ಹಿಂದೆ ಬರುತ್ತದೆ. ಟೈಪ್ 30 ಎಂಬ ಸಾಮಾನ್ಯ ಗಾತ್ರದ ಚೇಂಬರಿನಲ್ಲಿ ಬೋಲ್ಟು ಎರಡೂವರೆ ಇಂಚಿಗಿಂತ ಹೆಚ್ಚು ಹೊರಗೆ ಬಂದ ಮೇಲೆಯೇ ಸ್ಪ್ರಿಂಗು ಪೂರ್ತಿ ಸೆರೆಯಾಗಿದೆ ಎನ್ನಬಹುದು. ಎಷ್ಟೋ ಚೇಂಬರುಗಳಲ್ಲಿ ಈ ಬೋಲ್ಟು ಪಕ್ಕದ ಕಿಸೆಯಲ್ಲೇ ಇರಬೇಕು, ಆದರೆ ಬೇಕಾದಾಗ ಅದು ತುಕ್ಕು ಹಿಡಿದಿರುತ್ತದೆ ಅಥವಾ ಕಾಣೆಯಾಗಿರುತ್ತದೆ, ಹಾಗಾಗಿ ಪೆಟ್ಟಿಗೆಯಲ್ಲಿ ಎರಡು ಇರುವುದು ಸರಿಯಾದ ಲೆಕ್ಕ. ಲೋಹದ ಗುಣಮಟ್ಟ ಚೆನ್ನಾಗಿದೆ, ಥ್ರೆಡ್ಡುಗಳಿಗೆ ಲೇಪನವಿದೆ, ಅಡ್ಡತಲೆ ದಪ್ಪವಾಗಿದೆ. ಯುರೋಪಿನ ಮಾದರಿಯ ಹಲವು ಚೇಂಬರುಗಳಲ್ಲಿ ಬಿಡಿಸುವ ಬೋಲ್ಟು ಹಿಂಬದಿಯಲ್ಲೇ ಕಾಯಂ ಆಗಿ ಕೂತಿದ್ದು, ಅದರ ಆರುಮೂಲೆಯ ತಲೆಯನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಸಾಕಾಗುತ್ತದೆ. ಅಂಥ ಗಾಡಿ ಇರುವವರಿಗೆ ಈ ಬೋಲ್ಟುಗಳಿಂದ ಏನೂ ಪ್ರಯೋಜನವಿಲ್ಲ, ಅದನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕಿತ್ತು.

ಕೈಪಿಡಿಯ ಚಿತ್ರದಲ್ಲಿ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಬಿಗಿಯುತ್ತಿರುವಂತೆ ತೋರಿಸಿರುವುದು ಈ ಉತ್ಪನ್ನದ ಅತಿ ದೊಡ್ಡ ದೋಷ. ಆ ಸ್ಪ್ರಿಂಗಿನಲ್ಲಿ ಅಡಗಿರುವ ಬಲ ಒಂದು ಟನ್ನಿನ ಆಸುಪಾಸಿನದು, ಮತ್ತು ಗನ್ನಿನ ಹೊಡೆತಕ್ಕೆ ಅಡ್ಡತಲೆ ಜಾರಿದರೆ ಅಥವಾ ಒಳಗಿನ ಪ್ಲೇಟು ಒಡೆದರೆ ಅದರ ಹಿಂದೆ ನಿಂತವರಿಗೆ ಉಳಿಗಾಲವಿಲ್ಲ. ಚೇಂಬರು ತಯಾರಿಸುವ ಕಂಪನಿಗಳು ಕೈ ಸ್ಪ್ಯಾನರು ಬಿಟ್ಟು ಬೇರೇನನ್ನೂ ಬಳಸಬೇಡಿ ಎಂದು ಎಚ್ಚರಿಸುವುದು ಇದೇ ಕಾರಣಕ್ಕೆ. ಟ್ಯಾಂಕಿನಲ್ಲಿ ಗಾಳಿಯಿದ್ದು ಅದು ಚೇಂಬರಿಗೆ ತಲುಪುತ್ತಿದ್ದರೆ ಮೊದಲು ಗಾಳಿಯಿಂದಲೇ ಸ್ಪ್ರಿಂಗನ್ನು ಹಿಂದೆ ಸರಿಸಿ, ನಂತರ ನಟ್ಟನ್ನು ಬೆರಳಿನಿಂದಲೇ ಓಡಿಸಬಹುದು. ಶ್ರಮವೂ ಕಡಿಮೆ, ಥ್ರೆಡ್ಡೂ ಉಳಿಯುತ್ತದೆ. ಬೋಲ್ಟು ಹಿಡಿಯುತ್ತಿಲ್ಲ, ಒಳಗೆ ಏನೋ ಗಲಗಲ ಎನ್ನುತ್ತಿದೆ, ಅಥವಾ ಚೇಂಬರಿನ ಹೊರಕವಚ ತುಕ್ಕು ತಿಂದು ತೆಳುವಾಗಿದೆ ಎಂದರೆ ಸ್ಪ್ರಿಂಗು ಒಡೆದಿರಬಹುದು. ಆ ಚೇಂಬರಿಗೆ ಬೋಲ್ಟು ಹಾಕುವ ಪ್ರಯತ್ನವನ್ನೇ ಬಿಟ್ಟು, ನುರಿತವರನ್ನು ಕರೆಸಬೇಕು. ಸ್ಪ್ರಿಂಗಿನ ಬದಿಯ ಮುಚ್ಚಿದ ಬಳೆಯನ್ನು ಯಾವ ಸಂದರ್ಭದಲ್ಲೂ ಬಿಚ್ಚಬಾರದು. ಇದನ್ನು ಕೈಪಿಡಿ ಹೇಳಿದೆ, ಆದರೆ ಕೊನೆಯ ಪುಟದ ಕೆಳಗೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ. ಎಲ್ಲಕ್ಕಿಂತ ಮೊದಲಿಗೆ ಹೇಳಬೇಕಾಗಿದ್ದ ಇನ್ನೊಂದು ಮಾತನ್ನು ಅದು ಎಲ್ಲಿಯೂ ಹೇಳಿಲ್ಲ: ಬಿಡಿಸಿದ ಕ್ಷಣದಿಂದ ಗಾಡಿಗೆ ಹಿಡಿತವಿರುವುದಿಲ್ಲ, ಆದ್ದರಿಂದ ಚಕ್ರಗಳ ಎರಡೂ ಕಡೆ ಭದ್ರವಾದ ಅಡ್ಡಕಟ್ಟಿಗೆ ಕೊಡದೆ ಯಾರೂ ಗಾಡಿಯ ಅಡಿಗೆ ಹೋಗಕೂಡದು. ಬೋಲ್ಟು ಹಾಕಿದ ಗಾಡಿ ರಿಪೇರಿ ಜಾಗದವರೆಗೆ ಸಾಗಿಸುವುದಕ್ಕೆ ಮಾತ್ರ, ಬಾಡಿಗೆಗೆ ಓಡಿಸುವುದಕ್ಕಲ್ಲ, ಏಕೆಂದರೆ ಗಾಳಿ ಖಾಲಿಯಾದರೆ ಆ ಚಕ್ರವನ್ನು ಹಿಡಿಯಲು ಏನೂ ಉಳಿದಿರುವುದಿಲ್ಲ.

ಗೇಜು ಪೂರ್ತಿ ಒತ್ತಡ ತೋರಿಸಿದ ಮೇಲೂ ಚಕ್ರ ಬಿಡದಿದ್ದಾಗ ಮೊದಲು ನೋಡಬೇಕಾದದ್ದು ಪುಶ್ ರಾಡು, ಅಂದರೆ ಚೇಂಬರಿನಿಂದ ಹೊರಬಂದು ಬ್ರೇಕನ್ನು ತಳ್ಳುವ ಸರಳು. ಅದು ಹಿಂದೆ ಸರಿದು, ಅದರ ತುದಿಗೆ ಜೋಡಿಸಿದ ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯೂ ತಿರುಗಿದ್ದರೆ ತೊಂದರೆ ಡ್ರಮ್ಮಿನ ಒಳಗಿದೆ. ಒದ್ದೆಯಾದ ಬ್ರೇಕಿನಲ್ಲಿ ಬಹಳ ಕಾಲ ನಿಲ್ಲಿಸಿದ ಗಾಡಿಯ ಲೈನರು (ಬ್ರೇಕ್ ಶೂ ಮೇಲಿನ ಉಜ್ಜುವ ಪಟ್ಟಿ) ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ, ತೀವ್ರ ಚಳಿಯಲ್ಲಿ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತದೆ, ಅಥವಾ ಶೂ ಎಳೆಯುವ ಸ್ಪ್ರಿಂಗು ತುಂಡಾಗಿರುತ್ತದೆ. ಅಂಟಿಕೊಂಡದ್ದೇ ಆಗಿದ್ದರೆ ಗಾಡಿಯನ್ನು ಕಡಿಮೆ ಗೇರಿನಲ್ಲಿ ಮೆಲ್ಲಗೆ ಹಿಂದೆ ಮುಂದೆ ಅಲುಗಿಸುವುದು, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಹದವಾಗಿ ತಟ್ಟುವುದು ಸಾಕಾಗುತ್ತದೆ. ಎಂಜಿನ್ ಬಲವನ್ನೆಲ್ಲ ಹಾಕಿ ಎಳೆದುಕೊಂಡು ಹೋದರೆ ಟೈರು ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ, ಆಕ್ಸಲ್ ಶಾಫ್ಟಿಗೂ ಡಿಫರೆನ್ಷಿಯಲ್ಲಿಗೂ ಪೆಟ್ಟು ಬೀಳುತ್ತದೆ. ರಾಡು ಹಿಂದೆ ಸರಿದೇ ಇಲ್ಲವೆಂದರೆ ಶೂಗಳನ್ನು ಅಗಲಿಸುವ ಎಸ್-ಕ್ಯಾಮ್ ಶಾಫ್ಟಿನ ಬುಶ್ಶುಗಳು ಗ್ರೀಸಿಲ್ಲದೆ ಕಚ್ಚಿಕೊಂಡಿವೆಯೋ ಚೇಂಬರಿನ ಒಳಗೇ ಏನೋ ಸಿಕ್ಕಿಕೊಂಡಿದೆಯೋ ಎಂಬುದನ್ನು ಬೇರ್ಪಡಿಸಬೇಕು. ಸ್ಪ್ರಿಂಗನ್ನು ಬೋಲ್ಟಿನಿಂದ ಸೆರೆಹಿಡಿದ ಮೇಲೆ ರಾಡನ್ನು ಅಡ್ಜಸ್ಟರಿಗೆ ಜೋಡಿಸುವ ಕ್ಲೆವಿಸ್ ಪಿನ್ನು ತೆಗೆದು ಕ್ಯಾಮನ್ನು ಕೈಯಿಂದ ಆಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಲೈನರೂ ಡ್ರಮ್ಮೂ ಮಿತಿಮೀರಿ ಸವೆದ ಗಾಡಿಯಲ್ಲಿ ಕ್ಯಾಮ್ ತನ್ನ ತುದಿಯನ್ನು ದಾಟಿ ಮಗುಚಿಕೊಂಡಿರುವುದೂ ಉಂಟು. ಅಲ್ಲಿ ಎಣ್ಣೆಗೂ ಸುತ್ತಿಗೆಗೂ ಕೆಲಸವಿಲ್ಲ, ಡ್ರಮ್ಮು ಇಳಿಸಲೇಬೇಕು.

ಉಳಿದ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಕ್ಲೆವಿಸ್ ಪಿನ್ನಿಗೂ ಬೋಲ್ಟುಗಳಿಗೂ ಒಳ್ಳೆಯದು, ಡ್ರಮ್ಮಿನ ಒಳಗೆ ಸಿಂಪಡಿಸಿದರೆ ಲೈನರು ಹಾಳು. ಡಬ್ಬಿಯ ಮೇಲೆ ಬ್ರೇಕಿನ ಚಿತ್ರ ಹಾಕಿರುವುದನ್ನು ನೋಡಿ ಯಾರೂ ಮೋಸಹೋಗಬಾರದು. ಇಕ್ಕಳ ಏರ್ ಬ್ರೇಕಿಗೆ ಹೇಳಿದ ವಸ್ತುವೇ ಅಲ್ಲ. ರಬ್ಬರ್ ಹೋಸನ್ನು ಹಿಚುಕಿದರೆ ಮೇಲೆ ಹೇಳಿದ ಒಳಪದರ ಕೀಳುವ ದೋಷಕ್ಕೆ ಬೀಜ ಬಿತ್ತಿದಂತೆ, ನೈಲಾನ್ ಪೈಪಾದರೆ ಅಲ್ಲೇ ಮಡಿಚಿಕೊಳ್ಳುತ್ತದೆ. ಥರ್ಮಾಮೀಟರು ಅರೆಬರೆ ಬಿಡುವ ಬ್ರೇಕನ್ನು ಹಿಡಿಯುವುದಕ್ಕೆ ಉಪಯುಕ್ತ: ಸ್ವಲ್ಪ ದೂರ ಓಡಿಸಿ, ಪೆಡಲ್ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಒಂದೇ ಆಕ್ಸಲ್ಲಿನ ಎರಡು ಡ್ರಮ್ಮುಗಳನ್ನು ಹೋಲಿಸಿದರೆ ಹಿಡಿದುಕೊಂಡಿರುವುದು ಗಣನೀಯವಾಗಿ ಬಿಸಿಯಾಗಿರುತ್ತದೆ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಕಿರಣದ ಅಳತೆ ಕಡಿಮೆ ತೋರಿಸುತ್ತದೆ, ಆದ್ದರಿಂದ ಎರಡೂ ಬದಿಯಲ್ಲಿ ತುಕ್ಕು ಬಣ್ಣದ ಒಂದೇ ಜಾಗಕ್ಕೆ ಗುರಿಯಿಡಬೇಕು, ಮತ್ತು ಅಂಕಿಗಿಂತ ಎರಡರ ಅಂತರಕ್ಕೆ ಬೆಲೆ ಕೊಡಬೇಕು.

ಕೇಬಲ್ಲಿನ ಹ್ಯಾಂಡ್ ಬ್ರೇಕ್ ಇರುವ ಸಣ್ಣ ಪಿಕಪ್ ಟ್ರಕ್ಕಿನವರು ಈ ಪೆಟ್ಟಿಗೆಯನ್ನು ಕೊಳ್ಳುವ ಅಗತ್ಯವಿಲ್ಲ. ಅಲ್ಲಿ ಗಾಳಿಯ ಪ್ರಶ್ನೆಯೇ ಇಲ್ಲ. ಕೇಬಲ್ಲು ಹೊರಕವಚದೊಳಗೆ ತುಕ್ಕು ಹಿಡಿದಿದೆಯೋ, ಚಕ್ರದ ಬಳಿಯ ಸನ್ನೆ ಕಚ್ಚಿಕೊಂಡಿದೆಯೋ ಎಂಬುದನ್ನು ಕೇಬಲ್ಲಿನ ತುದಿ ಬಿಡಿಸಿ ಎರಡನ್ನೂ ಪ್ರತ್ಯೇಕವಾಗಿ ಎಳೆದು ನೋಡಿದರೆ ತಿಳಿಯುತ್ತದೆ. ಒಳಗೆ ತುಕ್ಕು ಹಿಡಿದ ಕೇಬಲ್ಲಿಗೆ ಎಣ್ಣೆ ಬಿಟ್ಟು ಉಳಿಸಿಕೊಳ್ಳುವುದು ಒಂದೆರಡು ವಾರದ ಮಾತು, ಬದಲಿಸುವುದೇ ಮೇಲು.

ಪರೀಕ್ಷೆ ಚೇಂಬರಿನತ್ತ ಬೆರಳು ತೋರಿಸಿದರೆ ಮುಂದಿನ ಖರೀದಿ ಚೇಂಬರೇ ಆಗಿರುವುದರಿಂದ ಅದರ ಬಗ್ಗೆಯೂ ಎರಡು ಮಾತು ಸಲ್ಲುತ್ತದೆ. ಎರಡೂ ಅರ್ಧ ಸೇರಿದ ಪೂರ್ತಿ ಜೋಡಿ ಚೇಂಬರೂ ಸಿಗುತ್ತದೆ, ಸ್ಪ್ರಿಂಗು ಇರುವ ಹಿಂದಿನ ಅರ್ಧ ಮಾತ್ರವೂ ಸಿಗುತ್ತದೆ. ಹಿಂದಿನ ಅರ್ಧ ಮಾತ್ರ ಹಾಕಿದರೆ ಹಳೆಯ ಪುಶ್ ರಾಡು ಮತ್ತು ಅದರ ಅಳತೆ ಹಾಗೆಯೇ ಉಳಿಯುವುದರಿಂದ ಕೆಲಸ ಬೇಗ ಮುಗಿಯುತ್ತದೆ, ಆದರೆ ಮುಂದಿನ ಅರ್ಧದ ಕವಚ ತುಕ್ಕು ಹಿಡಿದಿದ್ದರೆ ಅದು ಸುಳ್ಳು ಉಳಿತಾಯ. ನನ್ನ ಒಲವು ಪೂರ್ತಿ ಜೋಡಿಯ ಕಡೆಗೆ. ಹೊಸದರ ಪುಶ್ ರಾಡು ಉದ್ದವಾಗಿ ಬರುತ್ತದೆ, ಹಳೆಯದನ್ನು ಅಳೆದು ಅಷ್ಟಕ್ಕೆ ಸರಿಯಾಗಿ ಕತ್ತರಿಸಬೇಕು. ಈ ಅಳತೆ ತಪ್ಪಿದರೆ ಹೊಸ ಚೇಂಬರೇ ಬ್ರೇಕನ್ನು ಅರೆಬರೆ ಹಿಡಿಸಿಟ್ಟುಕೊಳ್ಳುತ್ತದೆ ಅಥವಾ ಪೂರ್ತಿ ಹಿಡಿಸುವುದಿಲ್ಲ. ಟೈಪ್ 30 ಎಂಬಲ್ಲಿನ 30 ಡಯಾಫ್ರಮ್ಮಿನ ಪರಿಣಾಮಕಾರಿ ವಿಸ್ತೀರ್ಣ ಚದರ ಇಂಚುಗಳಲ್ಲಿ ಎಷ್ಟು ಎಂಬುದನ್ನು ಸೂಚಿಸುತ್ತದೆ, ಅಂದರೆ 100 ಪಿಎಸ್‌ಐಗೆ 3000 ಪೌಂಡು ಬಲ. ಒಂದೇ ಆಕ್ಸಲ್ಲಿನ ಎಡಕ್ಕೆ ಒಂದು ಗಾತ್ರ ಬಲಕ್ಕೆ ಇನ್ನೊಂದು ಹಾಕಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಪುಶ್ ರಾಡು ಹೆಚ್ಚು ದೂರ ಚಲಿಸುವ ಲಾಂಗ್ ಸ್ಟ್ರೋಕ್ ಚೇಂಬರುಗಳನ್ನು ಚೌಕಾಕಾರದ ಪೋರ್ಟಿನಿಂದ ಗುರುತಿಸಬಹುದು, ಅವನ್ನೂ ಸಾಮಾನ್ಯ ಸ್ಟ್ರೋಕಿನವುಗಳ ಜೊತೆ ಒಂದೇ ಆಕ್ಸಲ್ಲಿನಲ್ಲಿ ಬೆರೆಸಬಾರದು. ತೆಗೆದ ಹಳೆಯ ಚೇಂಬರನ್ನು ಸ್ಪ್ರಿಂಗ್ ಸಮೇತ ಗುಜರಿಗೆ ಎಸೆಯುವುದು ಅಪರಿಚಿತರ ಕೈಗೆ ಬಾಂಬು ಕೊಟ್ಟಷ್ಟೇ ಅಪಾಯ. ಅದನ್ನು ನಿಷ್ಕ್ರಿಯಗೊಳಿಸುವ ವ್ಯವಸ್ಥೆ ಇರುವ ಕಡೆಗೆ ಮಾತ್ರ ಕೊಡಬೇಕು.

ಹೊಸ ಚೇಂಬರು ಕೂರಿಸಿ ಬೋಲ್ಟು ತೆಗೆದ ಮೇಲೆ ಸ್ಟ್ರೋಕ್ ಅಳೆಯುವುದು ಬಾಕಿ ಇರುತ್ತದೆ. ಚಕ್ರಗಳಿಗೆ ಅಡ್ಡಕಟ್ಟಿಗೆ ಇಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಪುಶ್ ರಾಡು ಚೇಂಬರಿನಿಂದ ಹೊರಬರುವ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು, ಟ್ಯಾಂಕಿನಲ್ಲಿ 90ರಿಂದ 100 ಪಿಎಸ್‌ಐ ಇರುವಾಗ ಎಂಜಿನ್ ನಿಲ್ಲಿಸಿ, ಒಬ್ಬರು ಪೆಡಲನ್ನು ಪೂರ್ತಿ ಒತ್ತಿಹಿಡಿದಾಗ ಗೆರೆ ಎಷ್ಟು ಮುಂದೆ ಬಂತೆಂದು ಇನ್ನೊಬ್ಬರು ಅಳೆಯಬೇಕು. ಸಾಮಾನ್ಯ ಟೈಪ್ 30ಕ್ಕೆ 2 ಇಂಚು, ಲಾಂಗ್ ಸ್ಟ್ರೋಕಿಗೆ 2.5 ಇಂಚು ಮಿತಿ; ಅದನ್ನು ದಾಟಿದರೆ ಅಡ್ಜಸ್ಟರ್ ಅಥವಾ ಬ್ರೇಕಿನ ಒಳಭಾಗಗಳಲ್ಲಿ ಸವೆತವಿದೆ, ಮತ್ತು ಆಟೋಮ್ಯಾಟಿಕ್ ಅಡ್ಜಸ್ಟರನ್ನು ಕೈಯಿಂದ ತಿರುಗಿಸಿ ಬಿಗಿಮಾಡಿ ಗಾಡಿ ಕಳಿಸುವುದು ಆ ಸವೆತವನ್ನು ಮುಚ್ಚಿಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ.